ಎಲ್ಲರೂ ಘಮಘಮ ಎಂದ ಬಟಾಣಿ ಹೂ

ಮೊನ್ನೆ ಗಂಗಾವತಿಗೆ ಹೋದಾಗ ಬೀಜದಂಗಡಿಯೊಂದರ ಮುಂದೆ ಅದೇ ಪಾಕೀಟು ನೇತಾಡುತ್ತಿತ್ತು. ಅದೇ ಗುಲಾಬಿ ಬಣ್ಣದ ಹೂವಿನ ಚಿತ್ರ, ಅದರ ಕೆಳಗೆ ಅದೇ ದಪ್ಪ ಅಕ್ಷರ: ‘ಪರಿಮಳಭರಿತ ಸ್ವೀಟ್ ಪೀ’. ನಾನು ಹೋದದ್ದು ತಂಗಿಯ ಮಗಳಿಗೆ ಸೀರೆ ತರಲು. ಬೀಜದಂಗಡಿಯಲ್ಲಿ ನನಗೇನೂ ಕೆಲಸವಿರಲಿಲ್ಲ. ಆದರೂ ಕಾಲು ಅಲ್ಲೇ ನಿಂತವು, ಮೈಯೆಲ್ಲ ಉರಿಯತೊಡಗಿತು.

“ಇದು ವಾಸನಿ ಬರ್ತೈತೇನ್ರಿ?” ಎಂದೆ.

“ಬರ್ತೈತ್ರಿ ಅಕ್ಕಾರ. ಮನಿ ತುಂಬ ಘಮಘಮ ಅಂತೈತಿ,” ಅಂದ ಅಂಗಡಿಯವನು.

“ನೀವು ಮೂಸಿ ನೋಡೀರೇನು?”

ಆತ ನಕ್ಕ. “ನಾವ್ಯಾಕ ಮೂಸೂಣ್ರಿ? ಪಾಕೀಟಿನ ಮ್ಯಾಲ ಬರದಾರಲ್ಲ.”

“ಬರದದ್ದು ಓದಾಕ ನನಗೂ ಬರ್ತೈತಿ. ನಿಮ್ಮ ಮೂಗು ಏನಂತೈತಿ, ಅದನ್ನ ಹೇಳ್ರಿ.”

ಆತನಿಗೆ ನಾನೊಬ್ಬಳು ತಲೆಕೆಟ್ಟವಳು ಅನ್ನಿಸಿರಬೇಕು. ಪಕ್ಕದ ಗಿರಾಕಿಗೆ ಭತ್ತದ ಬೀಜ ತೋರಿಸಲು ಹೋದ. ನಾನು ಬಸ್ ಸ್ಟ್ಯಾಂಡಿನ ತನಕ ಒಬ್ಬಳೇ ಬಯ್ದುಕೊಳ್ಳುತ್ತ ಬಂದೆ. ಇಷ್ಟು ವರ್ಷವಾಯಿತು, ಈ ಸಿಟ್ಟು ಇಳಿದಿಲ್ಲ. ಇಳಿಯಬೇಕು ಅಂತ ನನಗೂ ಅನ್ನಿಸಿಲ್ಲ.

ಅದು ಕೊರೊನಾದ ಎರಡನೆಯ ಸುತ್ತಿನ ವರ್ಷ. ಬೇಸಿಗೆಯಲ್ಲಿ ನನಗೂ ನಮ್ಮವರಿಗೂ ಒಂದೇ ವಾರದಲ್ಲಿ ಜ್ವರ ಬಂತು. ನಮ್ಮದು ಕುಷ್ಟಗಿಯ ಅಂಚಿನಲ್ಲಿ ಎರಡು ಕೋಣೆಯ ಮನೆ, ಮುಂದೆ ಒಂದಿಷ್ಟು ಅಂಗಳ. ನಮ್ಮವರ ಹೆಸರು ಮಲ್ಲಪ್ಪ. ಊರ ಹೊರಗಿನ ಹಳೆಯ ಐಬಿಯಲ್ಲಿ, ಅಂದರೆ ಸಾಹೇಬರು ಬಂದು ಇಳಿದುಕೊಳ್ಳುವ ಸರಕಾರಿ ಬಂಗಲೆಯಲ್ಲಿ, ಮಾಲಿ ಕೆಲಸ. ಅವರ ಜ್ವರ ನಾಲ್ಕೇ ದಿನಕ್ಕೆ ಬಿಟ್ಟಿತು. ನನ್ನದು ಹದಿನಾಲ್ಕು ದಿನ ಹಿಂಡಿ ಹಿಪ್ಪೆ ಮಾಡಿ ಹೋಯಿತು, ಹೋಗುವಾಗ ಮೂಗಿನ ಕಸುವನ್ನೂ ಒಯ್ದಿತು. ಉಸಿರಾಡಲು ಮೂಗಿತ್ತು, ವಾಸನೆ ಮಾತ್ರ ಇರಲಿಲ್ಲ. ಒಗ್ಗರಣೆಯ ಬೆಳ್ಳುಳ್ಳಿಯೂ ಒಂದೇ, ಬಚ್ಚಲದ ನೀರೂ ಒಂದೇ. ಓಣಿಯಲ್ಲಿ ಇನ್ನೂ ಹತ್ತಾರು ಜನರಿಗೆ ಹಾಗೆ ಆಗಿತ್ತು. ಅವರಿಗೆಲ್ಲ ತಿಂಗಳೊಪ್ಪತ್ತಿಗೆ ಮರಳಿ ಬಂತು. ನನಗೆ ಮಳೆಗಾಲ ಮುಗಿದರೂ ಬರಲಿಲ್ಲ.

ಬೇರೆಯವರಿಗಾದರೆ ಊಟದ ರುಚಿಯಷ್ಟೇ ಹೋಗುತ್ತಿತ್ತು. ನನಗೆ ಮೂಗೇ ಹೊಟ್ಟೆಪಾಡು. ನಮ್ಮ ಓಣಿಯ ಹೆಂಗಸರದ್ದೊಂದು ರೊಟ್ಟಿ–ಚಟ್ನಿಯ ಸಂಘ. ಅದರಲ್ಲಿ ರೊಟ್ಟಿ ಬಡಿಯುವವರು ಎಂಟು ಮಂದಿ, ಕುಟ್ಟುವವರು ಮೂವರು, ಹುರಿಯುವವಳು ನಾನೊಬ್ಬಳೇ. ಶೇಂಗಾ ಯಾರಾದರೂ ಹುರಿಯಬಹುದು, ಸಿಪ್ಪೆಯ ಬಣ್ಣ ನೋಡಿದರೆ ತಿಳಿಯುತ್ತದೆ. ಗುರೆಳ್ಳು, ಅಂದರೆ ಹುಚ್ಚೆಳ್ಳು, ಹಾಗಲ್ಲ. ಹಸಿ ಇದ್ದಾಗಲೂ ಕಪ್ಪು, ಹದವಾದಾಗಲೂ ಕಪ್ಪು, ಸುಟ್ಟು ಕರಕಾದರೂ ಕಪ್ಪು. ಕಣ್ಣಿಗೆ ಅಲ್ಲೇನೂ ಕೆಲಸವಿಲ್ಲ. ಬಾಣಲೆಯ ಮೇಲೆ ಮುಖ ಬಗ್ಗಿಸಿ ಕೂತಿರಬೇಕು, ಹಸಿ ಎಣ್ಣೆಯ ವಾಸನೆ ಹೋಗಿ ಒಂದು ಬಿಸಿ ಪರಿಮಳ ಏಳುತ್ತದೆ, ಆ ಗಳಿಗೆಗೆ ಇಳಿಸಬೇಕು. ಎರಡು ಉಸಿರು ತಡವಾದರೆ ಕಹಿ. ಹದಿನೈದು ವರ್ಷ ನಾನು ಆ ಗಳಿಗೆ ತಪ್ಪಿರಲಿಲ್ಲ. ‘ಗಿರಿಜವ್ವ ಹುರಿದ ಗುರೆಳ್ಳು’ ಅಂತಲೇ ಕೊಪ್ಪಳದ ಖಾನಾವಳಿಗಳಿಂದ ಹೇಳಿಕಳಿಸುತ್ತಿದ್ದರು.

ಲಾಕ್‌ಡೌನ್ ತೆಗೆದು ಸಂಘ ಮತ್ತೆ ಶುರುವಾದಾಗ ನಾನು ಮೂಗಿನ ಸುದ್ದಿ ಯಾರಿಗೂ ಹೇಳಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಅಂದುಕೊಂಡೆ. ಚಟಚಟ ಸಿಡಿಯುವ ಸಪ್ಪಳಕ್ಕೆ ಕಿವಿ ಕೊಟ್ಟು ಹುರಿದೆ. ಪಕ್ಕದಲ್ಲಿ ಮಿಕ್ಸರ್ ತಿರುಗಿದರೆ ಆ ಸಪ್ಪಳವೂ ಕೇಳದು. ಸುಟ್ಟರೆ ನಾಲಿಗೆಗೆ ಕಹಿ ತಿಳಿಯುತ್ತದಲ್ಲ, ಆ ಹೆದರಿಕೆಗೆ ಬೇಗ ಇಳಿಸತೊಡಗಿದೆ. ಇನ್ನು ಹಸಿ ಉಳಿದಿದೆಯೋ ಇಲ್ಲವೋ, ಅದನ್ನು ಹೇಳಬೇಕಾದದ್ದು ಮೂಗು. ಅದಕ್ಕೊಂದು ಉಪಾಯ ಮಾಡಿದೆ. ದಿನಾ ಒಂದು ಹಿಡಿ ಗುರೆಳ್ಳು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಓಡಿಬಂದು ನಮ್ಮವರ ಮುಂದೆ ಹಿಡಿಯುವುದು.

“ಹದ ಆಗೈತೇನ್ರಿ?”

ಅವರು ಅಂಗೈಯಲ್ಲಿ ತಿಕ್ಕಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಬಾಯಿಗೆ ಹಾಕಿಕೊಳ್ಳುವರು. “ಛಲೋ ಆಗೈತಿ. ಎಲ್ಲಾ ಮೊದಲಿನಂಗ ಐತಿ.”

ನಾನು ಆ ಮಾತು ನಂಬಿ ಕುಟ್ಟಲು ಕೊಡುತ್ತಿದ್ದೆ. ದಸರಾಕ್ಕೆ ಮೊದಲು ಕೊಪ್ಪಳದಿಂದ ಒಂದು ಇಡೀ ಚೀಲ ಚಟ್ನಿ ಹೊರಳಿ ಬಂತು. ಹಸಿ ವಾಸನೆ ಹೊಡೆಯುತ್ತದೆ, ಗಿರಾಕಿಗಳು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಾರೆ, ಅಂತ. ನಮ್ಮ ಸಂಘದ ಅಧ್ಯಕ್ಷೆ ಶರಣಮ್ಮಕ್ಕ ಚೀಲ ಬಿಚ್ಚಿ ಮೂಸಿದವಳೇ ನನ್ನ ಮುಖ ನೋಡಿದಳು. ಎಲ್ಲರೂ ನೋಡಿದರು. ಆಗ ಹೇಳಲೇಬೇಕಾಯಿತು.

ಶರಣಮ್ಮಕ್ಕ ಕೆಟ್ಟವಳಲ್ಲ. “ಗಿರಿಜಾ, ನಿನ್ನ ಕೈ ಬಿಟ್ಟು ಇನ್ನೊಬ್ಬರ ಕೈಯಾಗ ಬಾಣಲಿ ಕೊಡಾಕ ನನಗೂ ಮನಸಿಲ್ಲ,” ಅಂದಳು. “ಸಂಕ್ರಾಂತಿ ತನಕ ನೋಡೂಣು. ಅಷ್ಟರಾಗ ಬಂತಂದ್ರ ನಿಂದ ಬಾಣಲಿ. ಬರಲಿಲ್ಲಂದ್ರ ಕುಟ್ಟಾಕಿ ರೇಣುಕಾ ಕಲೀತಾಳ. ಮುಂದ ಮದಿವಿ ಸುಗ್ಗಿ ಐತಿ, ನಾ ಏನ್ ಮಾಡ್ಲಿ ಹೇಳು.”

ಒಪ್ಪಿಕೊಂಡೆ. ಸಂಕ್ರಾಂತಿಗೆ ಮೂರು ತಿಂಗಳಿತ್ತು.

ದವಾಖಾನೆಯ ನರ್ಸ್‌ಬಾಯಿ ಒಂದು ದಾರಿ ಹೇಳಿದ್ದಳು. ದಿನಾ ಎರಡು ಹೊತ್ತು ಲವಂಗ, ಕರ್ಪೂರ, ನಿಂಬೆಸಿಪ್ಪೆ, ಯಾವುದಾದರೂ ಪರಿಮಳದ ಹೂವು ಮೂಸಬೇಕು. ಮೂಸುವಾಗ ಅದರ ಹಳೆಯ ವಾಸನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು, ಮೂಗಿಗೆ ಮತ್ತೆ ಶಾಲೆ ಕಲಿಸಿದ ಹಾಗೆ. ಲವಂಗ, ಕರ್ಪೂರ ಮೂಸಿ ಮೂಸಿ ನನಗೆ ಸಾಕಾಗಿತ್ತು. ಆಗ ನಮ್ಮವರು ಈ ಬಟಾಣಿ ಹೂವಿನ ಮಾತು ತೆಗೆದರು.

ಐಬಿಯಲ್ಲಿ ಹಿಂದೆ ಚಳಿಗಾಲಕ್ಕೆ ತಂತಿಬೇಲಿಯ ತುಂಬ ಅದನ್ನು ಹಬ್ಬಿಸುತ್ತಿದ್ದರು. ಸಾಹೇಬರು ಸ್ವೀಟ್ ಪೀ ಅನ್ನುವರು, ಮಾಲಿಗಳು ಬಟಾಣಿ ಹೂ ಅನ್ನುವರು. ಬಳ್ಳಿ ಬಟಾಣಿಯದರ ಹಾಗೇ, ಆದರೆ ಕಾಯಿ ತಿನ್ನುವಂತಿಲ್ಲ, ವಿಷ. ಬರೀ ಹೂವಿಗಾಗಿ ಹಾಕುವುದು. ಗೇಟಿಗೆ ಬಂದವರಿಗೆ ಪರಿಮಳ ಬಡಿಯುತ್ತಿತ್ತಂತೆ. ಆಮೇಲೆ ಯಾವನೋ ಪುಣ್ಯಾತ್ಮ ಗಾಡಿ ನಿಲ್ಲಿಸಲು ಜಾಗ ಸಾಲದು ಅಂತ ಆ ಪಟ್ಟಿಗೆಲ್ಲ ಕಾಂಕ್ರೀಟು ಹಾಕಿಸಿದ. ಮೂವತ್ತು ವರ್ಷ ಕಾಯ್ದುಕೊಂಡು ಬಂದ ಬೀಜ ಒಂದು ಸಂಜೆಯಲ್ಲಿ ಮುಗಿಯಿತು. ಕೇಳುವವರು ಯಾರು? ಮಾಲಿಯನ್ನು ಕೇಳುತ್ತಾರೆಯೇ? ಆತನ ಕೈಗೆ ಸಲಿಕೆ ಕೊಟ್ಟು ಅದೇ ಮಣ್ಣು ಅಗೆಸುತ್ತಾರೆ.

“ಅದರ ವಾಸನಿ ಸತ್ತವರನ್ನ ಎಬ್ಬಿಸ್ತೈತಿ. ನಿನ್ನ ಮೂಗು ಯಾವ ಲೆಕ್ಕ?” ಅಂದರು ನಮ್ಮವರು. ಗಂಗಾವತಿಗೆ ಹೋಗಿ ಆ ಗುಲಾಬಿ ಪಾಕೀಟು ತಂದರು.

ಅವರು ಮಾಡಿದ ಚಾಕರಿಯನ್ನು ಅಲ್ಲಗಳೆಯಲಾರೆ. ನಮ್ಮ ಅಂಗಳದ್ದು ಕೆಂಪು ಮರಳು ಮಣ್ಣು, ನೀರು ಹಾಕಿದ್ದೇ ಕೆಳಗೆ ಹೋಗಿಬಿಡುತ್ತದೆ. ಗೋಡೆಯ ಬುಡಕ್ಕೆ ಮೊಣಕಾಲು ಆಳದ ಕಾಲುವೆ ತೆಗೆದು ಕೆರೆಮಣ್ಣು, ಹಳೆಯ ತಿಪ್ಪೆಗೊಬ್ಬರ ತುಂಬಿದರು. ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ. ಒಂದೊಂದನ್ನೂ ಒರಟು ಬಂಡೆಗೆ ಮೆಲ್ಲಗೆ ತಿಕ್ಕಿ, ನೀರಿನಲ್ಲಿ ನೆನೆಹಾಕಿ, ಉಬ್ಬಿದವನ್ನಷ್ಟೇ ಆರಿಸಿ ಊರಿದರು. ಹಬ್ಬಲು ಹೊಲದಿಂದ ಒಣಗಿದ ಹತ್ತಿಕಟ್ಟಿಗೆ ಹೊರೆ ತಂದು ಸಾಲಾಗಿ ನೆಟ್ಟರು. ಸಸಿ ಗೇಣುದ್ದ ಆಗಿ ನಾಲ್ಕೆಲೆ ಬಿಟ್ಟಾಗ ಕುಡಿಯನ್ನು ಚಿವುಟಿ ಹಾಕಿದರು. ನನ್ನ ಜೀವವೇ ಹಾರಿಹೋಯಿತು.

“ಅಯ್ಯ, ಇದೇನ್ ಮಾಡಿದ್ರಿ! ಬೆಳ್ಯಾಕತ್ತಿದ್ದನ್ನ ಚಿವುಟೂದ?”

“ಚಿವುಟಿದ್ರನ ಪಕ್ಕಕ್ಕ ಒಡೀತೈತಿ. ನೀ ಸುಮ್ನ ನೋಡ್ಕೋತ ಇರು.”

ನಲ್ಲಿಗೆ ನೀರು ಬರುತ್ತಿದ್ದುದು ನಾಲ್ಕು ದಿನಕ್ಕೊಮ್ಮೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಒಂದು ಹನಿ ಚೆಲ್ಲದೆ ಬಳ್ಳಿಗೆ ಹಾಕಿದೆ. ಓಣಿಯ ಆಡುಗಳ ಹಿಂದೆ ಕೋಲು ಹಿಡಿದು ಓಡಿದೆ. ದೀಪಾವಳಿಯ ಹೊತ್ತಿಗೆ ಲವಂಗ, ಕರ್ಪೂರ ಮೂಸುವುದನ್ನೂ ಬಿಟ್ಟೆ. ಎಲ್ಲ ಆಸೆಯನ್ನೂ ಈ ಹೂವಿನ ಮೇಲೆ ಇಟ್ಟು ಕೂತೆ. ಅದೇ ನನ್ನ ತಪ್ಪು.

ಎಳ್ಳು ಅಮಾವಾಸ್ಯೆ ಕಳೆದು ನಾಲ್ಕನೆಯ ದಿನ ಮೊದಲ ಹೂ ಅರಳಿತು. ಕೂಸಿಗೆ ಹಾಕುವ ಕುಂಚಿಗೆಯ ಹಾಗೆ ಹಿಂದೊಂದು ಎಸಳು ಎದ್ದು ನಿಂತಿತ್ತು, ಅಂಚು ನಿರಿಗೆ ನಿರಿಗೆ, ತಿಳಿ ಗುಲಾಬಿ ಬಣ್ಣ. ಚೆಂದವಿರಲಿಲ್ಲ ಅನ್ನಲಾರೆ. ನಮ್ಮವರು ಅದನ್ನು ಕಿತ್ತು ನನ್ನ ಮೂಗಿನ ಕೆಳಗೆ ಹಿಡಿದರು. ಎದೆ ತುಂಬ ಎಳೆದುಕೊಂಡೆ. ತಣ್ಣನೆಯ ಗಾಳಿ ಬಂತು, ಅಷ್ಟೇ.

“ಏನರ ಬಂತೇನ?”

“ಇಲ್ರಿ.”

ಅವರು ತಾವು ಮೂಸಿದರು. ಕಣ್ಣು ಮುಚ್ಚಿದರು. “ನನಗ ಗಡದ್ದ ಬರಾಕತ್ತೈತಲ್ಲ,” ಅಂದರು. “ಅದ ಐಬಿ ಹೂವಿನ ವಾಸನಿ. ಇನ್ನ ನಾಕು ಹೂ ಬಿಡ್ಲಿ, ನಿನಗೂ ಬರ್ತೈತಿ.”

ನಾಲ್ಕಲ್ಲ, ನಲವತ್ತು ಬಿಟ್ಟವು. ಸಂಕ್ರಾಂತಿಯ ಹೊತ್ತಿಗೆ ಹತ್ತಿಕಟ್ಟಿಗೆ ಕಾಣದಷ್ಟು ಹೂ. ನಾನು ಬೆಳಿಗ್ಗೆ ಎದ್ದು ಬಳ್ಳಿಗೆ ಮುಖ ಒತ್ತಿ ನಿಲ್ಲುತ್ತಿದ್ದೆ. ಏನೂ ಇಲ್ಲ. ಒಂದು ದಿನ ಮಜ್ಜಿಗೆಯ ಪಾತ್ರೆ ತೊಳೆಯುವಾಗ ಮೂಗಿನ ತುದಿಗೆ ಹುಳಿಯಂಥದ್ದೇನೋ ತಾಗಿದಂತಾಯಿತು. ಕೈ ನಿಲ್ಲಿಸಿ ಮತ್ತೆ ಮೂಸಿದೆ. ತಾಗಿತೋ ಇಲ್ಲವೋ. ಗೇಟಿನ ತನಕ ಬಡಿಯುವ ಹೂವಿನ ವಾಸನೆಯೇ ತಿಳಿಯದವಳಿಗೆ ಮಜ್ಜಿಗೆಯದು ತಿಳಿದೀತೇ ಅಂತ ನನಗೆ ನಾನೇ ಬಯ್ದುಕೊಂಡು ಪಾತ್ರೆ ಬೋರಲು ಹಾಕಿದೆ.

ಸಂಕ್ರಾಂತಿಯ ಬೆಳಿಗ್ಗೆ ಕುಸುರೆಳ್ಳು ಹಂಚಲು ಸಂಘದವರು ನಮ್ಮಲ್ಲಿಗೆ ಬಂದರು. ಶರಣಮ್ಮಕ್ಕ, ರೇಣುಕಾ, ಮತ್ತೆ ಐದಾರು ಮಂದಿ. ಬಂದವರೇ ಬಳ್ಳಿ ನೋಡಿ ಬಾಯಿ ತೆರೆದು ನಿಂತರು. ಎಲ್ಲರಿಗೂ ಈ ಹೂವನ್ನು ಯಾತಕ್ಕೆ ಬೆಳೆಸಿದ್ದು ಅಂತ ಗೊತ್ತಿತ್ತು. ನಮ್ಮವರು ಹೊಸ ಧೋತರ ಉಟ್ಟುಕೊಂಡು ಬಾಗಿಲಲ್ಲೇ ನಿಂತು, “ವಾಸನಿ ನೋಡ್ರಿ ಹೆಂಗೈತಿ! ಬಾಜು ಮನಿ ತನಕ ಹೊಡ್ಯಾಕತ್ತೈತಿ,” ಅಂದರು.

“ಅಬ್ಬಬ್ಬಾ, ಹೌದ್ ನೋಡ್ರಿ ಮಲ್ಲಪ್ಪಣ್ಣ,” ಅಂದಳು ಶರಣಮ್ಮಕ್ಕ.

“ಘಮ್ ಅಂತೈತಿ,” ಅಂದಳು ರೇಣುಕಾ. ಅವಳ ಮುಖದ ಮೇಲೆ ಮಾಸ್ಕ್ ಇತ್ತು. ಮಾಸ್ಕ್ ಹಾಕಿಕೊಂಡೇ ಘಮ್ ಅಂದಳು, ಪುಣ್ಯಾತ್‌ಗಿತ್ತಿ. ಅದು ನನಗೆ ಆಗ ಹೊಳೆಯಲಿಲ್ಲ.

ಒಬ್ಬೊಬ್ಬರೂ ನಾಲ್ಕು ನಾಲ್ಕು ಹೂ ಕಿತ್ತುಕೊಂಡರು, ದೇವರ ಜಗಲಿಗೆ ಅಂತ. ಒಬ್ಬೊಬ್ಬರೂ ಏನಾದರೊಂದು ಹೊಗಳಿದರು. ಸಂಕ್ರಾಂತಿಯ ದಿನ, ಬಾಯಲ್ಲಿ ಎಳ್ಳು ಬೆಲ್ಲ. ಆ ದಿನ ಸಿಹಿಯಾದದ್ದನ್ನೇ ಆಡಬೇಕಲ್ಲ. ನಾನು ನಡುವೆ ನಿಂತು ಎಲ್ಲರ ಮುಖ ನೋಡಿದೆ. ಓಣಿಗೆ ಓಣಿಯೇ ಪರಿಮಳದಲ್ಲಿ ತೇಲುತ್ತಿದೆ, ನನ್ನೊಬ್ಬಳಿಗೆ ಇಲ್ಲ. ಇನ್ನು ಕಾಯುವುದು ಯಾತಕ್ಕೆ ಅನ್ನಿಸಿತು. ಒಳಗೆ ಹೋಗಿ ನನ್ನ ಕಟ್ಟಿಗೆಯ ಹುಟ್ಟು ತಂದೆ. ಹದಿನೈದು ವರ್ಷ ಗುರೆಳ್ಳು ತಿರುವಿ ತಿರುವಿ ಅದರ ತುದಿ ಒಂದು ಕಡೆಗೆ ಸವೆದಿತ್ತು, ನನ್ನ ಕೈಯ ಓರೆಗೆ.

“ತಗೋ ರೇಣುಕಾ. ಬಾಣಲಿ ನಿಂದು,” ಅಂದೆ.

ರೇಣುಕಾ ಅತ್ತಳು. ಶರಣಮ್ಮಕ್ಕ ನನ್ನ ಬೆನ್ನು ಸವರಿದಳು. ನಮ್ಮವರು ಹೊರಗೆ ಹೋಗಿ ಬಳ್ಳಿಗೆ ನೀರು ಹಾಕುತ್ತ ನಿಂತರು. ಒಬ್ಬರು, ಒಬ್ಬರಾದರೂ ಆ ಹೂವನ್ನು ಮೂಗಿಗೆ ಹಿಡಿದು ನಿಜ ಹೇಳಿದ್ದರೆ ಆ ಹುಟ್ಟು ಇವತ್ತಿಗೂ ನನ್ನ ಕೈಯಲ್ಲಿರುತ್ತಿತ್ತು.

ಮರುದಿನದಿಂದ ನಾನು ರೊಟ್ಟಿ ಬಡಿಯುವ ಸಾಲಿಗೆ ಸೇರಿದೆ. ಯಾವುದನ್ನೂ ಮೂಸುವ ಗೊಡವೆಗೆ ಹೋಗಲಿಲ್ಲ. ಅಡಿಗೆ ಮಾಡುವಾಗಲೂ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಮೂಗಿನ ಮೇಲೆಯೇ ಮುನಿಸು.

ಹೀಗೆ ಮೂರು ವಾರ ಹೋಯಿತು. ಒಂದು ಬೆಳಿಗ್ಗೆ ಮೊಸರಿನ ದುರುಗವ್ವ ಬಂದಳು. ಬಾಜು ಹಳ್ಳಿಯಿಂದ ಗಡಿಗೆ ಹೊತ್ತು ಬರುವ ಮುದುಕಿ. ಕೊರೊನಾ ಬಂದಾಗಿನಿಂದ ಮಗಳ ಮನೆಗೆ ಹೋಗಿ ಕೂತಿದ್ದವಳು ಆಗಷ್ಟೇ ಮತ್ತೆ ತಿರುಗಲು ಶುರು ಮಾಡಿದ್ದಳು. ನನ್ನ ಮೂಗಿನ ಕತೆ ಅವಳಿಗೆ ಗೊತ್ತಿರಲಿಲ್ಲ.

“ಎವ್ವಾ ಗಿರಿಜವ್ವ, ಇದ್ಯಾವ ಹೂವಬೇ? ನನಗೊಂದ್ ನಾಕ್ ಕೊಡು.”

“ದೇವರಿಗೇನ?”

“ದೇವರಿಗ್ಯಾಕ? ನನ್ನ ತುರುಬಿಗೆ. ದೇವರು ದಿನಾ ಮುಡೀತಾನ, ನಾ ಯಾವಾಗ ಮುಡೀಬೇಕು?” ಅಂದವಳೇ ಒಂದು ಹೂ ಕಿತ್ತು ಮೂಗಿಗೆ ಒತ್ತಿಕೊಂಡಳು. ಮತ್ತೊಂದು ಕಿತ್ತಳು. ಮುಖ ಕಿವುಚಿದಳು. “ಥೂ, ಇದರಾಗ ಏನೈತಿ ಮಣ್ಣು! ಬರೇ ಬಣ್ಣ. ವಾಸನಿನ ಇಲ್ಲ.”

“ನಿನಗೂ ಜ್ವರ ಬಂದಿತ್ತೇನ ಆಯಿ?” ಎಂದೆ. “ಮೂಗು ಹೋಗೇತೇನ ನಿಂದೂ? ಓಣಿ ಮಂದಿಗೆಲ್ಲ ಘಮ್ ಅಂತೈತಿ.”

ದುರುಗವ್ವ ಸೊಂಟದ ಮೇಲೆ ಕೈಯಿಟ್ಟಳು. “ಯಾವ ಮಂದಿಬೇ? ಕರಿ ಅವರನ್ನ ಇಲ್ಲಿ. ನಾ ಎಪ್ಪತ್ತು ವರ್ಷ ಮೊಸರು ಮೂಸಿ ಮಾರಿದಾಕಿ, ನನ್ನ ಮೂಗಿಗೆ ಹೆಸರಿಡ್ತಿ? ಹೂವಿನಾಗ ಇದ್ರ ಬರ್ತೈತಿ, ಇಲ್ದಿದ್ರ ಎಲ್ಲಿಂದ ಬರಬೇಕು?” ಅಂದು ಗಡಿಗೆಯ ಮೇಲಿನ ಬಟ್ಟೆ ಸರಿಸಿ ನನ್ನ ಮುಖದ ಕೆಳಗೆ ಹಿಡಿದಳು. “ತಗೋ, ಇದನ್ನ ಮೂಸು.”

ನಾನು ಬೇಡ ಅನ್ನುವುದರೊಳಗೆ ಉಸಿರು ಎಳೆದಾಗಿತ್ತು. ಮೊದಲು ಹೊಗೆ ಬಂತು. ಕುಳ್ಳಿನ, ಅಂದರೆ ಸಗಣಿ ಬೆರಣಿಯ ಹೊಗೆ, ಗಡಿಗೆಗೆ ಹಿಡಿದದ್ದು. ಆಮೇಲೆ ಹುಳಿ. ತೆಳ್ಳಗೆ, ಎಷ್ಟೋ ದೂರದಿಂದ ಬಂದಂತೆ. ಆದರೆ ಬಂತು. ನಾನು ಗಡಿಗೆಯನ್ನು ಎರಡೂ ಕೈಯಿಂದ ಹಿಡಿದು ಮತ್ತೆ ಮೂಸಿದೆ, ಮತ್ತೆ ಮೂಸಿದೆ.

“ಏ, ಬಿಡಬೇ! ಮೊಸರಿಗೆ ಮೂಗು ಹಚ್ಚೀಯಾ!” ಅಂತ ದುರುಗವ್ವ ಚೀರಿದಳು. ನಾನು ಗಡಿಗೆ ಬಿಡಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತೆ.

ಅಳು ಮುಗಿಯುವ ಮೊದಲೇ ಸಿಟ್ಟು ಬಂತು. ಎಂಥಾ ಸಿಟ್ಟು ಅಂತೀರಿ! ಒಳಗೆ ಹೋಗಿ ಇಂಗಿನ ಡಬ್ಬಿ ತೆರೆದೆ. ಇಂಗು ಬಂತು. ಕರ್ಪೂರ ಬಂತು. ಹೊರಗೆ ಬಂದು ಬಳ್ಳಿಗೆ ಮುಖ ಒತ್ತಿದೆ. ಏನೂ ಇಲ್ಲ. ಅಂದರೆ ನನ್ನ ಮೂಗು ಯಾವಾಗಲೋ ಬರತೊಡಗಿತ್ತು. ಅದರ ಮಾತನ್ನು ನಂಬದೆ ಊರ ಮಾತು ನಂಬಿ ನನ್ನ ಕೈಯಾರೆ ನನ್ನ ಕೆಲಸ ಕೊಟ್ಟು ಕೂತಿದ್ದೆ.

ಹೂ ಕಿತ್ತುಕೊಂಡು ಸೀದಾ ಸಂಘಕ್ಕೆ ನಡೆದೆ. ಶರಣಮ್ಮಕ್ಕನ ಮುಂದೆ ಹಿಡಿದೆ. “ಮೂಸ್ರಿ.”

ಮೂಸಿದಳು. ಮುಖ ಬಾಡಿತು. “ವಾಸನಿ... ಇಲ್ಲಲ್ಲ ಗಿರಿಜಾ.”

“ಅವತ್ತು ಅಬ್ಬಬ್ಬಾ ಅಂದಿದ್ರಲ್ಲ?”

“ಅವತ್ತು ದೇವರಿಗೆ ಅಂತ ಕಿತ್ತಿದ್ದೆ. ಮೂಸಿದ ಹೂವು ದೇವರಿಗೆ ನಡೀತೈತೇನ? ಮಲ್ಲಪ್ಪಣ್ಣ ಹಂಗಂದ, ನಾವೂ ಹೌದಂದ್ವಿ. ಹಬ್ಬದ ದಿನ ನಿನ್ನ ಮನಸು ನೋಯಿಸೂದ್ಯಾಕಂತ...”

“ಮನಸು ನೋಯಿಸಬಾರದಂತ ಹೊಟ್ಟಿ ಮ್ಯಾಲ ಹೊಡದ್ರಿ!” ಎಂದೆ. ನನ್ನ ದನಿಗೆ ರೊಟ್ಟಿ ಬಡಿಯುವ ಸಪ್ಪಳವೇ ನಿಂತಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಏಳು ಮಂದಿ ಬಂದಿರಿ, ಏಳೂ ಮಂದಿಗೆ ಮೂಗಿತ್ತು, ಒಬ್ಬರಿಗೂ ಅದನ್ನು ಬಗ್ಗಿಸಲು ಆಗಲಿಲ್ಲವೇ ಅಂದೆ. ದೇವರ ಮುಡಿಗೆ ಏರಿಸಿದ ಮೇಲಾದರೂ ಒಬ್ಬರಿಗೆ ಇದು ವಾಸನೆ ಇಲ್ಲದ ಹೂವು ಅಂತ ತಿಳಿಯಲಿಲ್ಲವೇ ಅಂದೆ. “ಎಲ್ಲಾರೂ ಅಂದ್ರು ಅಂತ ನಾನೂ ಅಂದೆ ಅಕ್ಕಾ,” ಅಂತ ರೇಣುಕಾ ಒಬ್ಬಳು ಗೊಣಗಿದಳು. ಬಾಣಲೆಯ ಮುಂದೆ ಕೂತಿದ್ದಳು. ಅವಳ ಕೈಯಲ್ಲಿ ನನ್ನ ಹುಟ್ಟು.

ಬಾಣಲೆ ಹೊರಳಿ ಸಿಗಲಿಲ್ಲ. ನನ್ನ ಮೂಗು ಇನ್ನೂ ತೆಳ್ಳಗಿತ್ತು. ಮದುವೆ ಸುಗ್ಗಿಗೆ ಅದನ್ನು ನಂಬಿ ಚಟ್ನಿ ಕಳಿಸುವ ಧೈರ್ಯ ಶರಣಮ್ಮಕ್ಕನಿಗೆ ಇರಲಿಲ್ಲ. ಪೂರಾ ಬರುವ ಹೊತ್ತಿಗೆ ರೇಣುಕಾ ಪಳಗಿದ್ದಳು. ಮೂರು ಮಕ್ಕಳ ತಾಯಿ, ಅವಳ ಕೈಯಿಂದ ಕಿತ್ತುಕೊಳ್ಳಲೇ? ಇವತ್ತಿಗೂ ಅವಳೇ ಹುರಿಯುತ್ತಾಳೆ. ಚೆನ್ನಾಗಿಯೇ ಹುರಿಯುತ್ತಾಳೆ. ಅದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಆ ಸಂಜೆ ನಮ್ಮವರು ಐಬಿಯಿಂದ ಬಂದು ಕೈಕಾಲು ತೊಳೆದು ಕೂತರು. ಚಹಾ ಕೊಡಲಿಲ್ಲ.

“ಈ ಹೂವಿನ ವಾಸನಿ ನಿಮಗ ಖರೇ ಬಂದಿತ್ತೇನ್ರಿ?”

“ಬರ್ತೈತಿ ಅಂತ ಹೇಳೇನಲ್ಲ.”

“ಕಣ್ಣು ಮುಚ್ರಿ.”

ಮುಚ್ಚಿದರು. ಇಂಗಿನ ಡಬ್ಬಿಯ ಮುಚ್ಚಳ ತೆಗೆದು ಅವರ ಮೂಗಿಗೆ ಹಿಡಿದೆ. “ಏನಿದು?”

ಅವರು ಹೂವಿಗೆ ಮಾಡಿದ ಹಾಗೆಯೇ ಎದೆ ತುಂಬ ಎಳೆದುಕೊಂಡರು. ಗುರೆಳ್ಳಿಗೆ ಮಾಡಿದ ಹಾಗೆಯೇ ತಲೆದೂಗಿದರು. “ಹೂವಲ್ಲೇನು?” ಅಂದರು.

ಅವರು ಕಣ್ಣು ತೆರೆದು ಡಬ್ಬಿ ನೋಡಿದರು.

“ಎಂದಿನಿಂದ?” ಎಂದೆ.

“ಜ್ವರ ಬಂದಾಗಿಂದ. ನಿನ್ನಕಿಂತ ಎರಡು ದಿನ ಮೊದಲ ಹೋತು.”

“ಹಂಗಾದ್ರ ಗುರೆಳ್ಳು?”

“ಉಪ್ಪು, ಕಹಿ, ನಾಲಿಗಿಗೆ ತಿಳೀತಿತ್ತು. ಕಹಿ ಇರ್ಲಿಲ್ಲ. ಅದಕ್ಕ ಛಲೋ ಐತಿ ಅಂದೆ.”

“ಯಾಕ? ಯಾಕ ಹೇಳಲಿಲ್ಲ ನನಗ?”

ಅವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. “ನೀ ದಿನಾ ಅಳ್ತಿದ್ದಿ. ಇಬ್ಬರದೂ ಹೋಗೇತಿ ಅಂದ್ರ ಇನ್ನ ಹೆಂಗ ಇರ್ತಿದ್ದಿ? ಮನ್ಯಾಗ ಒಬ್ಬರದರ ಮೂಗು ನೆಟ್ಟಗೈತಿ ಅಂತ ನಿನಗ ಧೈರ್ಯ ಇರ್ಲಿ ಅಂತ... ಹೂವಿಗೆ ವಾಸನಿ ಇಲ್ಲಂತ ನನಗೇನ್ ಗೊತ್ತು? ಹಳೇದರದ್ದು ನೆನಪಿತ್ತು. ಅದನ್ನ ನೆನಸ್ಕೊಂಡ ಹೇಳ್ತಿದ್ದೆ.”

ಕೇಳಿದವರೆಲ್ಲ ಇಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಎಂಥಾ ಗಂಡ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಧೈರ್ಯ ಯಾರಿಗೆ ಬೇಕಿತ್ತು? ನನಗೆ ಬೇಕಿದ್ದುದು ‘ನನಗೂ ತಿಳಿಯವಲ್ದು’ ಅನ್ನುವ ಒಂದು ಮಾತು. ಅಷ್ಟು ಹೇಳಿದ್ದರೆ ಗುರೆಳ್ಳನ್ನು ಬಾಜು ಮನೆಯವರಿಗೆ ತೋರಿಸುತ್ತಿದ್ದೆ, ಹೂವನ್ನು ದುರುಗವ್ವನಂಥವರಿಗೆ ಮೂಸಿಸುತ್ತಿದ್ದೆ. ಇಬ್ಬರೂ ಒಂದೇ ಕುರುಡಲ್ಲಿದ್ದೇವೆ ಅಂತ ಗೊತ್ತಾಗಿದ್ದರೆ ಕೈ ಕೈ ಹಿಡಿದಾದರೂ ನಡೆಯುತ್ತಿದ್ದೆವು. ಇವರು ಕಣ್ಣಿದ್ದವರಂತೆ ಮುಂದೆ ನಡೆದರು, ನಾನು ಹಿಂದೆ ಹೋಗಿ ಬಾವಿಗೆ ಬಿದ್ದೆ. ಇದನ್ನೆಲ್ಲ ಅವರಿಗೆ ಅಂದೆ. ಆಮೇಲೆ ಎಂಟು ದಿನ ಮಾತಾಡಲಿಲ್ಲ. ರೊಟ್ಟಿ ಮಾಡಿ ಮುಂದಿಡುತ್ತಿದ್ದೆ, ಅಷ್ಟೇ.

ಒಂಬತ್ತನೆಯ ದಿನ ಅವರು ಯಲಬುರ್ಗಾಕ್ಕೆ ಹೋಗಿಬಂದರು. ಐಬಿಯಲ್ಲಿ ಅವರಿಗೆ ಕೆಲಸ ಕಲಿಸಿದ ಹಳೆಯ ಮಾಲಿ ಕೆಲಸದಿಂದ ಇಳಿದ ಮೇಲೆ ಅಲ್ಲಿದ್ದ. ಅವನ ಹಿತ್ತಲಲ್ಲಿ ಆ ಹಳೆಯ ಬಳ್ಳಿಯ ಸಂತಾನ ಉಳಿದಿತ್ತಂತೆ. ಕರ್ಚೀಫಿನಲ್ಲಿ ಗಂಟು ಕಟ್ಟಿ ಒಂದು ಹಿಡಿ ಬೀಜ ತಂದು ನನ್ನ ಮುಂದೆ ಇಟ್ಟರು.

“ಇವಕ್ಕ ವಾಸನಿ ಐತಂತ,” ಅಂದರು. ಗಂಟು ಬಿಚ್ಚಿ ತೋರಿಸುತ್ತ, “ನಾ ಮೂಸಿಲ್ಲ. ಆ ಹಿರ್ಯಾ ಹೇಳ್ಯಾನ,” ಅಂದರು.

ಅವತ್ತು ಚಹಾ ಕೊಟ್ಟೆ.

ಮರುವರ್ಷ ಅವನ್ನು ಹಾಕಿದೆವು, ಆಮೇಲೆ ಪ್ರತಿ ವರ್ಷ. ಹೂ ಚಿಕ್ಕದು, ನಿರಿಗೆ ಇಲ್ಲ, ಮೇಲಿನ ಎಸಳು ಕಡುಗೆಂಪು, ಕೆಳಗಿನದು ನೇರಳೆ. ಪಾಕೀಟಿನ ಹೂವಿನ ಪಕ್ಕ ಇಟ್ಟರೆ ಬಡವರ ಮನೆಯ ಹೆಣ್ಣಿನಂತೆ ಕಾಣುತ್ತದೆ. ಆದರೆ ಬಿಸಿಲೇರಿದಾಗ ಅಂಗಳಕ್ಕೆ ಕಾಲಿಡಿ. ಹೊಸ ಜೇನುತುಪ್ಪ, ಅದರೊಳಗೆ ಒಂದಿಷ್ಟು ಕಿತ್ತಳೆ ಸಿಪ್ಪೆ. ಇದನ್ನು ಮೂಸಿದ್ದೇನೆ, ಮೂಸಿಯೇ ಬರೆಯುತ್ತಿದ್ದೇನೆ. ನಮ್ಮ ಅಂಗಳದಲ್ಲಿ ಒಂದು ನೇಮವನ್ನೂ ಮಾಡಿದ್ದೇನೆ. ದೇವರಿಗೆ ಹೂ ಬೇಕೆಂದವರಿಗೆ ಎರಡು ಕೊಡುತ್ತೇನೆ, ಒಂದು ದೇವರಿಗೆ, ಒಂದು ಅವರ ಮೂಗಿಗೆ. ನನ್ನ ಕಣ್ಣೆದುರೇ ಮೂಸಿ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅಂತ ಹೇಳಿಯೇ ಗೇಟು ದಾಟಬೇಕು. ಹಬ್ಬವಿರಲಿ, ಹುಣ್ಣಿಮೆ ಇರಲಿ.

ನಮ್ಮವರ ಮೂಗು ಬಂದಿಲ್ಲ. ಇನ್ನು ಬರುವುದೂ ಇಲ್ಲವಂತೆ. ಆದರೂ ಮೊದಲ ಕೆಲವು ವರ್ಷ ಯಾರಾದರೂ ಎದುರಿಗಿದ್ದರೆ ಹಳೆಯ ಚಾಳಿಗೆ “ಘಮ್ ಅಂತೈತ್ರಿ” ಅಂದುಬಿಡುತ್ತಿದ್ದರು. ನಾನು ಕಣ್ಣು ಕೆಕ್ಕರಿಸಿದರೆ ಒಳಗೆ ಹೋಗುತ್ತಿದ್ದರು.

ಈ ಸಲದ ಮೊದಲ ಹೂ ಹೋದ ತಿಂಗಳು ಅರಳಿತು. ಶರಣಮ್ಮಕ್ಕ ಬಂದಿದ್ದಳು, ದುರುಗವ್ವ ಗಡಿಗೆ ಇಳಿಸಿ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹೂ ಕಿತ್ತು ನಮ್ಮವರ ಮುಂದೆ ಹಿಡಿದೆ, ಪ್ರತಿ ವರ್ಷ ಹಿಡಿಯುವ ಹಾಗೆ. ಅವರು ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು. ಶರಣಮ್ಮಕ್ಕ ಆಗಲೇ ತಲೆದೂಗಲು ಸಿದ್ಧಳಾಗಿದ್ದಳು.

“ಇಲ್ಲ,” ಅಂದರು ನಮ್ಮವರು. “ನನಗೇನೂ ಬರವಲ್ದು.”

ಇಬ್ಬರ ಮುಂದೆ, ಗಟ್ಟಿಯಾಗಿ. ನಾನು ಹೂವನ್ನು ಅವರ ಕೈಯಲ್ಲೇ ಇಟ್ಟು ಪಕ್ಕದಲ್ಲಿ ಕೂತೆ. “ಹೆಂಗೈತಿ, ನೀ ಹೇಳು,” ಅಂದರು. ನಾನು ಮೂಸಿ ಮೂಸಿ ಹೇಳುತ್ತ ಹೋದೆ.